ಆಕ್ಷೇಪಣೆ ಹದಿನೇಳಕ್ಕೆ ಉತ್ತರ

ಮಾನ್ಯರೇ,
ಅತಿ ಕಡಿಮೆ ದರದ ಯಂತ್ರ ಬಿಟ್ಟು
ಹನ್ನೊಂದು ಸಾವಿರದ ಐನೂರು ಹೆಚ್ಚು ಕೊಟ್ಟಿದ್ದೇಕೆ
ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದೀರಿ.
ಕಾರಣದ ಕಾಲಂ ಒಂದೂವರೆ ಅಂಗುಲ.
ಅದಕ್ಕೇ ಈ ಹೆಚ್ಚುವರಿ ಹಾಳೆ.

ನಮ್ಮ ನಿಲಯ ನೀವು ನೋಡಿಲ್ಲ.
ಚಳ್ಳಕೆರೆಯಲ್ಲಿ ಎಣ್ಣೆ ಗಾಣದ ಮೇಲಿನ ಅಟ್ಟ.
ಗೋಡೆಗೆಲ್ಲ ಕರಿ ಕಂಬಳಿ ಹೊಡೆದಿದ್ದೇವೆ,
ಸದ್ದು ಕುಡಿಯಲಿ ಎಂದು.
ನಾಲ್ಕು ಹನಿ ಬಿದ್ದ ದಿನ ಸ್ಟುಡಿಯೋ ಇಡೀ ಕುರಿ ವಾಸನೆ.
ವಾರ್ತೆ ಓದುವ ಬೋಸಯ್ಯ ಮೂಗು ಹಿಡಿದು ಓದುತ್ತಾನೆ,
ನೆಗಡಿಯೆಂದುಕೊಂಡು ಕೇಳುಗರು
ಶುಂಠಿ ಕಷಾಯ ಹೇಳಿಕೊಡಲು ಫೋನು ಮಾಡುತ್ತಾರೆ.

ಮೂರು ಯಂತ್ರ ಬಂದವು ಪರೀಕ್ಷೆಗೆ.
ಮೊದಲನೆಯದು ದುಬಾರಿ,
ಮುಟ್ಟಿದರೆ ಬೆಳಗುವ ಗಾಜಿನ ಮುಖ, ಹೊಟ್ಟೆಯೊಳಗೊಂದು ಫ್ಯಾನು.
ನಮ್ಮಲ್ಲಿ ಗಾಳಿ ಶೇಂಗಾ ಸಿಪ್ಪೆ ಹೊತ್ತು ತಿರುಗುತ್ತದೆ ಮಾನ್ಯರೇ,
ಮೂರನೇ ದಿನಕ್ಕೆ ಅದು ಕೆಮ್ಮಿತು.
ಅಧ್ಯಕ್ಷ ರುದ್ರಮುನಿಯಪ್ಪನವರು
ಆ ಗಾಜಿನಲ್ಲಿ ಕೊನೆಯ ಸಲ ಮೀಸೆ ನೋಡಿಕೊಂಡು
ವಾಪಸು ಕಳಿಸಿದರು.

ಎರಡನೆಯದೇ ನೀವು ಹೇಳುವ ಅಗ್ಗದ್ದು.
ಜಾಣ. ತುಂಬಾ ಜಾಣ.
ಒಂದು ಹಾಡು ಮುಗಿಯುವ ಮುನ್ನವೇ
ಮುಂದಿನದರ ಕೈ ಹಿಡಿದಿರುತ್ತದೆ.
ಎರಡು ಸೆಕೆಂಡು ಸದ್ದಿಲ್ಲವೆಂದರೆ ಸಾಕು,
ಆ ಖಾಲಿ ಕತ್ತರಿಸಿ ಎಸೆದು
ಈಚೆ ದಡ ಆಚೆ ದಡ ಸೇರಿಸಿ ಹೊಲಿಯುತ್ತದೆ.
"ಸುಮ್ನಿದ್ರೆ ಲಾಸು ಮೇಡಂ" ಅಂದ ಕಂಪನಿ ಹುಡುಗ.
ಒಪ್ಪಿದೆ. ಖಾಲಿ ಬಿಟ್ಟರೆ ಜನ ಮುಳ್ಳು ತಿರುಗಿಸುತ್ತಾರೆ.

ಆಗ ದಾದಾಪೀರ್ ಸಾಹೇಬರು,
ದಾವಣಗೆರೆಯಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿ
ಎಡಗಿವಿ ಮಂದವಾಗಿ
ಬಲಗಿವಿಯನ್ನು ನಮಗೆ ಗೌರವಧನದ ಮೇಲೆ ಕೊಟ್ಟವರು,
"ಮಾರಕ್ಕನ್ನ ಹಾಕಮ್ಮ" ಅಂದರು.

ಮಾರಕ್ಕ, ಸೂಜಿಕಲ್ಲು ಹಟ್ಟಿ. ಬೀಸೋಕಲ್ಲಿನ ಪದ.
ತೊಂಬತ್ತಾರರಲ್ಲಿ ಯಾರೋ ಕ್ಯಾಸೆಟ್ಟಿಗೆ ಹಿಡಿದದ್ದು.
ಕಲ್ಲು ಗರಗರ, ಪದ, ಬಳೆ, ಮತ್ತೆ ಕಲ್ಲು.
ನಾಲ್ಕು ಸುತ್ತಿಗೊಮ್ಮೆ ಎಲ್ಲ ನಿಲ್ಲುತ್ತದೆ,
ಕೈ ಮೊರಕ್ಕೆ ಹೋಗಿ
ಸಜ್ಜೆಯ ಒಂದು ಮುಕ್ಕು
ಕಲ್ಲಿನ ಬಾಯಿಗೆ ಬೀಳುವಷ್ಟು ಹೊತ್ತು.
ಕಾಳು ಜಾರಿದ್ದೂ ಕ್ಯಾಸೆಟ್ಟಿಗೆ ಸಿಕ್ಕಿಲ್ಲ.

ಜಾಣ ಯಂತ್ರ ಅದನ್ನು ನುಡಿಸಿತು.
ಮಾರಕ್ಕ ಉಸಿರು ತಗೊಳ್ಳಲಿಲ್ಲ.
ಮುಕ್ಕು ಹಾಕದೆಯೇ ಬೀಸಿದಳು, ಬೀಸಿದಳು,
ಬರಿಗಲ್ಲು ಬರಿಗಲ್ಲನ್ನು ತಿನ್ನುವ ಹಾಗೆ.
ಏಳು ನಿಮಿಷದ ಪದ ನಾಲ್ಕೂಮುಕ್ಕಾಲಿಗೆ ಮುಗಿಯಿತು.
ಲೆಕ್ಕದ ಗಂಗಮಾಳಮ್ಮ,
ರಸೀದಿ ಬಿಟ್ಟು ಏನನ್ನೂ ನಂಬದವರು,
ಪೆನ್ನು ಕೆಳಗಿಟ್ಟು ಕೇಳಿದರು:
"ಹಿಟ್ಟೆಲ್ಲಿ?"

ಮಾನ್ಯರೇ, ತಾಂತ್ರಿಕ ಕಾರಣ ಇದು.
ಆ ಗುಣವನ್ನು ಆರಿಸಿಡಬಹುದಿತ್ತಲ್ಲ ಎನ್ನುತ್ತೀರಿ.
ಕೇಳಿದೆವು. ಹುಡುಗ ಕೈಪಿಡಿ ತಿರುವಿದ,
ಎಲ್ಲಿಗೋ ಫೋನು ಮಾಡಿದ,
ಕೊನೆಗೆ ಚಹಾ ಕುಡಿದು ಹೋದ.

ಮೂರನೆಯದು ಮಂಕು. ಬೂದು ಡಬ್ಬಿ, ನಾಲ್ಕು ಗುಂಡಿ.
ಒತ್ತಿದರೆ ಹಾಡುತ್ತದೆ, ಬಿಟ್ಟರೆ ಬಿಡುತ್ತದೆ.
ಕರೆಂಟು ಹೋಗಿ ಬಂದರೆ ನಿಂತಲ್ಲಿಂದಲೇ ಹೊರಡುತ್ತದೆ,
ಲಾರಿ ದಾಟಲಿ ಎಂದು ಮಾತು ನಿಲ್ಲಿಸಿ
ಅದೇ ಅಕ್ಷರದಿಂದ ಮುಂದುವರಿಸುವ
ಸಂತೆಯ ಹೆಂಗಸರ ಹಾಗೆ.
ಮಾರಕ್ಕನ ಕೈ ಮೊರಕ್ಕೆ ಹೋದಾಗ ಅದೂ ಕಾಯಿತು.
ಕಂಬಳಿಗಳ ನಡುವೆ ನಾವೈದು ಜನ ಕಾದೆವು.
ಕೆಳಗೆ ಗಾಣವೂ ನಿಂತಿತ್ತು,
ಊಟದ ವೇಳೆ, ಬೇರೇನಲ್ಲ.

ತಪ್ಪೊಂದು ಒಪ್ಪಿಕೊಳ್ಳುತ್ತೇನೆ:
ಕ್ಯಾಸೆಟ್ಟಿನ ಹೆಡ್ಡು ಒರೆಸಲು ತಂದ ಸ್ಪಿರಿಟ್ಟಿನ ರಸೀದಿ ಕಳೆದಿದೆ.
ನೂರಾ ಎಂಬತ್ತು. ನನ್ನ ಸಂಬಳದಲ್ಲಿ ಹಿಡಿಯಿರಿ.
ಆ ಹನ್ನೊಂದು ಸಾವಿರದ ಐನೂರನ್ನು ಮಾತ್ರ ಹಾಗೇ ಬಿಡಿ.

ಗುರುವಾರ ಬೆಳಗ್ಗೆ ಆರೂಕಾಲಿಗೆ ಈ ಪದ ಬಿಡುತ್ತೇವೆ.
ನಮ್ಮ ಅಲೆ ನಿಮ್ಮ ಕಚೇರಿ ಮುಟ್ಟುವುದಿಲ್ಲ,
ಹದಿನೈದು ಕಿಲೋಮೀಟರಿಗೆ ಸುಸ್ತಾಗುತ್ತದೆ.
ಈ ಕಡೆ ಬಂದಿದ್ದರೆ ಕೇಳಿ.
ನಡುವೆ ಸದ್ದು ನಿಂತರೆ
ಕೆಟ್ಟಿತೆಂದು ರೇಡಿಯೋದ ತಲೆಗೆ ತಟ್ಟಬೇಡಿ.

ಬಿ. ಓಬಳಮ್ಮ
ತಾಂತ್ರಿಕ ಸಹಾಯಕಿ (ಹಂಗಾಮಿ)